ಗಡಿ ದಾಟಿದ ಬದುಕನ್ನು ತೂಗುವ ಬಗೆ

ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯದಲ್ಲಿ ನೆಲೆಸಿದವರ ಬದುಕು ಮೊದಲಿಗಿಂತ ಹಸನಾಯಿತೇ ಎಂಬ ಪ್ರಶ್ನೆಗೆ ಕೂಲಿ, ಬಾಡಿಗೆ, ಶಾಲೆ, ಆಸ್ಪತ್ರೆಗಳ ಲೆಕ್ಕದಲ್ಲಿ ಉತ್ತರ ಹುಡುಕುವುದು ರೂಢಿ. ಆ ಲೆಕ್ಕ ಬೇಕಾದದ್ದೇ. ಆದರೆ ಲೆಕ್ಕ ಹಾಕುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿಗಳಿವೆ: ತೂಗುವವರು ಯಾರು, ಯಾವ ಅಳತೆಯಿಂದ ತೂಗುತ್ತಾರೆ, ಯಾವ ಬದುಕನ್ನು ಎದುರಿಗಿಟ್ಟು ತೂಗುತ್ತಾರೆ. ಊರು ಬದಲಾಗುವುದೂ ರಾಜ್ಯ ಬದಲಾಗುವುದೂ ಒಂದೇ ಅಲ್ಲ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಇವೆರಡೂ ಸಾಮಾನ್ಯವಾಗಿ ಕೂಡಿಯೇ ನಡೆಯುವುದರಿಂದ ಯಾವ ಸುಖದುಃಖ ಯಾವುದರಿಂದ ಬಂತೆಂದು ಹೇಳುವುದು ಕಷ್ಟ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದಂಥ ಊರುಗಳಲ್ಲಿ ಮಾತ್ರ ಅವು ಬೇರೆಬೇರೆಯಾಗಿ ಕಾಣಸಿಗುತ್ತವೆ. ಅಲ್ಲಿ ಜನ ಕದಲಲಿಲ್ಲ, ರಾಜ್ಯ ಬದಲಾಯಿತು.

ನಂದಗಡ ಖಾನಾಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ದೊಡ್ಡ ಹಳ್ಳಿ. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಪೂರ್ವಕ್ಕೆ ಬಯಲು; ಭತ್ತವೂ ಬೆಳೆಯುತ್ತದೆ, ಒಣಬೇಸಾಯವೂ ನಡೆಯುತ್ತದೆ. ತಾಲ್ಲೂಕಿನಲ್ಲಿ ಮರಾಠಿ ಮಾತನಾಡುವವರೇ ಹೆಚ್ಚು. ಕನ್ನಡ, ಕೊಂಕಣಿ, ಉರ್ದು ಮನೆಗಳೂ ಅವರ ನಡುವೆಯೇ ಇವೆ. ಕನ್ನಡಿಗರಿಗೆ ಈ ಊರು ಗೊತ್ತಿರುವುದು ಸಂಗೊಳ್ಳಿ ರಾಯಣ್ಣನಿಂದ. ಕಿತ್ತೂರಿನ ಪರವಾಗಿ ಕಂಪನಿ ಸರ್ಕಾರದ ವಿರುದ್ಧ ಹೋರಾಡಿದ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿ. ಆತನ ಸಮಾಧಿಯೂ ಅದರ ಬಳಿಯ ಆಲದ ಮರವೂ ಹರಕೆಯ ತಾಣಗಳಾಗಿವೆ.

1956ರ ನವೆಂಬರ್ 1ರವರೆಗೆ ಈ ಊರು ಮುಂಬಯಿ ರಾಜ್ಯದಲ್ಲಿತ್ತು. ಆ ದಿನ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಚಂದಗಡ ತಾಲ್ಲೂಕೊಂದು ಮುಂಬಯಿಯಲ್ಲೇ ಉಳಿದು, ಈಗ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಮುಂದೆ ಗಡಿ ತಕರಾರು ಬಿಗಡಾಯಿಸಿದಾಗ ಕೇಂದ್ರ ಸರ್ಕಾರ 1966ರಲ್ಲಿ ನೇಮಿಸಿದ ಮಹಾಜನ ಆಯೋಗ ಮರುವರ್ಷವೇ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ, ಆದರೆ ನಿಪ್ಪಾಣಿ, ಖಾನಾಪುರ, ನಂದಗಡಗಳು ಸೇರಿದಂತೆ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 247 ಊರುಗಳು ಇತ್ತ ಬರಲಿ ಎಂಬುದು ಅದರ ಶಿಫಾರಸು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನ ಮುಂದಿದೆ. ಹೀಗೆ ಒಮ್ಮೆ ರಾಜ್ಯ ಬದಲಿಸಿದ, ಇನ್ನೊಮ್ಮೆ ಬದಲಿಸುವ ಅಂಚಿಗೆ ಬಂದ ಊರು ನಂದಗಡ.

1956ರಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ? ಮಳೆ, ಮಣ್ಣು, ಬಂಧುಬಳಗ, ಗ್ರಾಮದೇವತೆ, ಸಂತೆ ಯಾವುದೂ ಬದಲಾಗಲಿಲ್ಲ. ರಾಜಧಾನಿ ಹತ್ತಿರವೂ ಬರಲಿಲ್ಲ: ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್, ಮುಂಬಯಿಯೂ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ಕಚೇರಿಯ ಭಾಷೆ, ಮಕ್ಕಳ ಪಠ್ಯಪುಸ್ತಕ, ಪಹಣಿಯ ಬರಹ, ನೌಕರಿಯ ಅರ್ಹತೆ, ಕಾಲಕ್ರಮದಲ್ಲಿ ಕಾನೂನು. ಗೇಣಿದಾರನ ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ. ಮುಂಬಯಿಯ ಗೇಣಿ ಕಾಯ್ದೆ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಗೊತ್ತುಮಾಡಿ, ಅಂದಿನಿಂದ ಗೇಣಿದಾರನೇ ಜಮೀನು ಕೊಂಡವನೆಂದು ಎಣಿಸಿತು. ಆ ದಿನ ಬರುವ ಐದು ತಿಂಗಳು ಮೊದಲೇ ಬೆಳಗಾವಿ ಮೈಸೂರಿಗೆ ಸೇರಿಯಾಗಿತ್ತು. ಇಲ್ಲಿನ ಗೇಣಿದಾರರಿಗೆ ಅಂಥ ಹಕ್ಕು ವ್ಯಾಪಕವಾಗಿ ದಕ್ಕಿದ್ದು ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯನ್ನು ಜಾರಿಗೆ ತಂದ ಮೇಲೆ. ಚಂದಗಡದ ಗೇಣಿದಾರನೂ ಖಾನಾಪುರದ ಗೇಣಿದಾರನೂ ಒಂದೇ ಜಿಲ್ಲೆಯವರಾಗಿದ್ದರು, ಒಂದೇ ಬಗೆಯ ಗದ್ದೆ ಉಳುತ್ತಿದ್ದರು. ಅವರಿಬ್ಬರ ನಡುವಿನ ಹದಿನೇಳು ವರ್ಷಗಳ ಅಂತರಕ್ಕೆ ನೆಲವೂ ಕಾರಣವಲ್ಲ, ದುಡಿಮೆಯೂ ಕಾರಣವಲ್ಲ. ದೇವಸ್ಥಾನಗಳ ಮಟ್ಟಿಗೆ ಬದಲಾವಣೆ ಇನ್ನೂ ನಿಧಾನ. ಮುಂಬಯಿಯ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯೇ ಈ ಭಾಗದ ಗುಡಿಗಳಿಗೆ ಅನ್ವಯಿಸುತ್ತಿತ್ತು. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆ 2003ರಲ್ಲಿ ಜಾರಿಗೆ ಬರುವತನಕ ಅದೇ ನಡೆಯಿತು. ದೇವರು ರಾಜ್ಯ ಬದಲಿಸಲು ಮನುಷ್ಯರಿಗಿಂತ ನಲವತ್ತಾರು ವರ್ಷ ಹೆಚ್ಚು ತೆಗೆದುಕೊಂಡ ಎನ್ನಬಹುದು.

ಇದರಿಂದ ತಿಳಿಯುವುದಿಷ್ಟು. ರಾಜ್ಯವೆಂಬುದು ನೆಲ, ಹವೆ, ಜನ ಅಲ್ಲ. ಯಾರನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು, ಯಾರಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕು ಎಂಬುದರ ಏರ್ಪಾಟು. ಪಟ್ಟಿಯ ಮಹತ್ವ ಬಡವನಿಗೆ ಹೆಚ್ಚು ಗೊತ್ತು. ಒಂದು ರಾಜ್ಯದಲ್ಲಿ ಪರಿಶಿಷ್ಟರೆಂದು ಗುರುತಾದವರು ಇನ್ನೊಂದು ರಾಜ್ಯಕ್ಕೆ ಹೋದರೆ ಆ ಸ್ಥಾನವನ್ನು ಜೊತೆಗೆ ಒಯ್ಯಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲೇ ತೀರ್ಪು ಕೊಟ್ಟಿದೆ. ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಸ್ವಾತಂತ್ರ್ಯ ಕೊಡುತ್ತದೆ. ನೆಲೆಸಿದ ಮೇಲೆ ಹಳೆಯ ಗುರುತೆಲ್ಲ ಉಳಿಯುತ್ತದೆಂಬ ಭರವಸೆ ಅದರಲ್ಲಿಲ್ಲ. ಗೆರೆ ರಾಜ್ಯದ್ದೇ ಆಗಬೇಕೆಂದೂ ಇಲ್ಲ. ಉತ್ತರ ಕನ್ನಡದಲ್ಲಿರುವ ಆಫ್ರಿಕ ಮೂಲದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಜಿಲ್ಲೆಯ ಗಡಿಯಾಚೆ ಖಾನಾಪುರದ ಕಾಡಿನಲ್ಲಿದ್ದ ಅವರ ಬಂಧುಗಳಿಗೆ ಅದೇ ಸ್ಥಾನ ಸಿಕ್ಕಿದ್ದು ಬೆಳಗಾವಿ, ಧಾರವಾಡ ಜಿಲ್ಲೆಗಳನ್ನೂ ಸೇರಿಸಿದ 2020ರ ತಿದ್ದುಪಡಿಯಿಂದ. ಹಳಿಯಾಳದಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಖಾನಾಪುರದ ಹಾಡಿಗೆ ಕೊಟ್ಟಿದ್ದರೆ, ಆಕೆಯ ಮಕ್ಕಳ ವಿದ್ಯಾರ್ಥಿವೇತನದ ಮಟ್ಟಿಗೆ ಅದು ಪರದೇಶಕ್ಕೆ ಕೊಟ್ಟಂತೆಯೇ ಆಗುತ್ತಿತ್ತು.

ಇನ್ನು ನಿಜವಾಗಿ ಗಡಿ ದಾಟುವವರು. ಖಾನಾಪುರ ತಾಲ್ಲೂಕಿನಿಂದ ಪಶ್ಚಿಮಕ್ಕೆ ಕಣಕುಂಬಿಯ ಮೇಲೆ ಹಾದು ಚೋರ್ಲಾ ಘಾಟಿನಲ್ಲಿ ಇಳಿದರೆ, ಇಲ್ಲವೇ ಲೋಂಡಾ, ರಾಮನಗರದ ಕಡೆಯಿಂದ ಅನಮೋಡ ಘಾಟಿನಲ್ಲಿ ಇಳಿದರೆ ಗೋವಾ. ಲೋಂಡಾದಿಂದ ಕ್ಯಾಸಲ್‌ರಾಕ್, ದೂಧಸಾಗರದ ಮೇಲೆ ವಾಸ್ಕೋಗೆ ರೈಲೂ ಇದೆ. ಬೆಳಗಾವಿಯ ತರಕಾರಿ, ಹಾಲು ದಿನವೂ ಇಳಿಯುವ ದಾರಿಯಲ್ಲಿಯೇ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯ ಜನ ಕಟ್ಟಡ ಕೆಲಸಕ್ಕೆ, ಮೀನುಗಾರಿಕೆಯ ಜೆಟ್ಟಿಗೆ, ಕಾರ್ಖಾನೆಗೆ, ಮನೆಗೆಲಸಕ್ಕೆ, ಕಾಯಿಪಲ್ಯೆ ಮಾರಾಟಕ್ಕೆ ಹೋಗಿ ನಿಂತಿದ್ದಾರೆ. 2011ರ ಜನಗಣತಿಯಂತೆ ಗೋವಾದ ಸುಮಾರು 14.6 ಲಕ್ಷ ಜನರಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ 4.6ರಷ್ಟು, ಅಂದರೆ ಹತ್ತಿರಹತ್ತಿರ 68 ಸಾವಿರ. ವಾಸ್ಕೋ, ಝುವಾರಿನಗರ, ಬಾಯಿನಾಗಳಲ್ಲಿ ಅವರ ಕೇರಿಗಳೇ ಇವೆ. ತಲಾ ಆದಾಯದಲ್ಲಿ ಗೋವಾ ದೇಶದ ಮುಂಚೂಣಿಯ ರಾಜ್ಯ. ಒಣಬೇಸಾಯದ ಊರಿನಲ್ಲಿ ವರ್ಷದ ಕೆಲವೇ ತಿಂಗಳು ಸಿಗುವ ಕೂಲಿ ಅಲ್ಲಿ ಮಳೆಗಾಲ ಬಿಟ್ಟರೆ ಬಹುತೇಕ ವರ್ಷವೆಲ್ಲ ಸಿಗುತ್ತದೆ. ಅದರ ಜೊತೆಗೆ ಬರುವುದು ಘಾಟಿನ ಮೇಲಿನವರನ್ನು ಹೀಗಳೆಯುವ ‘ಘಾಟಿ’ ಎಂಬ ಕರೆ, ಕಾಗದವಿಲ್ಲದ ಜೋಪಡಿ, ಬಾಯಿನಾದಲ್ಲಿ ಹಲವು ಬಾರಿ ನಡೆದಂಥ ತೆರವಿನ ಭಯ.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ? ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಒಬ್ಬನ ಬದುಕು ಅವನಿಗೆ ಒಳ್ಳೆಯದಾಗಿದೆ ಎನ್ನುವುದಕ್ಕೆ ಇರುವ ಉತ್ತರಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಅನುಭವಕ್ಕೆ ಬರುವ ಸುಖವೇ ಒಳಿತು ಎಂಬುದು ಒಂದು. ಬಯಸಿದ್ದು ಈಡೇರುವುದೇ ಒಳಿತು ಎಂಬುದು ಇನ್ನೊಂದು. ಬಯಸಲಿ ಬಿಡಲಿ, ಆರೋಗ್ಯ, ಅರಿವು, ಗೆಳೆತನ, ಸ್ವಾತಂತ್ರ್ಯದಂಥ ಕೆಲವು ಸಂಗತಿಗಳು ತಮ್ಮಷ್ಟಕ್ಕೆ ಒಳಿತು ಎಂಬುದು ಮೂರನೆಯದು. ಗಡಿ ದಾಟಿದವರ ಮುಂದಿಟ್ಟಾಗ ಮೂರೂ ಬೇರೆಬೇರೆ ಜಾಗದಲ್ಲಿ ಎಡವುತ್ತವೆ.

ಸುಖದ ಅಳತೆಯ ತೊಂದರೆಯನ್ನು ಡೇವಿಡ್ ಶ್ಕೇಡ್, ಡೇನಿಯಲ್ ಕಾನೆಮನ್ ಎಂಬ ಸಂಶೋಧಕರು 1998ರಲ್ಲಿ ತೋರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಿದ್ಯಾರ್ಥಿಗಳನ್ನೂ ನಡುಪಶ್ಚಿಮ ರಾಜ್ಯಗಳ ವಿದ್ಯಾರ್ಥಿಗಳನ್ನೂ ಅವರು ಕೇಳಿ ನೋಡಿದಾಗ, ಒಟ್ಟು ಬದುಕಿನ ಬಗೆಗಿನ ತೃಪ್ತಿಯಲ್ಲಿ ಎರಡು ಕಡೆಯವರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಕ್ಯಾಲಿಫೋರ್ನಿಯಾದವರು ಹೆಚ್ಚು ಸುಖವಾಗಿದ್ದಾರೆಂದು ಎರಡೂ ಕಡೆಯವರು ಊಹಿಸಿದರು. ಹವೆಯ ಹಿತ ಕಣ್ಣಿಗೆ ಕಟ್ಟುವಂಥದು. ಅದನ್ನೇ ನೆನೆದು ಊಹೆ ಮಾಡುತ್ತಾರೆ. ದಿನದಿನದ ಬದುಕಿನಲ್ಲಿ ಹವೆಯನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ಊರಿನಲ್ಲಿ ಕುಳಿತು ಗೋವಾದ ಪಗಾರವನ್ನು ಎಣಿಸುವವನೂ, ವಾಸ್ಕೋದಲ್ಲಿ ಕುಳಿತು ಊರಿನ ಹಬ್ಬವನ್ನು ನೆನೆಯುವವನೂ ಮಾಡುವುದು ಇದೇ ಬಗೆಯ ತಪ್ಪು: ಒಬ್ಬನ ಲೆಕ್ಕದಲ್ಲಿ ಬಾಡಿಗೆ ಬರುವುದಿಲ್ಲ, ಇನ್ನೊಬ್ಬನ ಲೆಕ್ಕದಲ್ಲಿ ಹಬ್ಬ ಮುಗಿದ ಮರುದಿನ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ರೂಢಿ. ಕಷ್ಟವೂ ಸುಖವೂ ಕಾಲ ಕಳೆದಂತೆ ಮೈಗೆ ಒಗ್ಗುತ್ತವೆ. ತಗಡಿನ ಸೂರಿನ ಕೆಳಗೆ ಹತ್ತು ವರ್ಷ ಕಳೆದವರು ‘ಆರಾಮ ಅದೀವಿ’ ಎಂದಾಗ ಅದು ಸುಳ್ಳಲ್ಲ. ಆದರೆ ಆ ಮಾತಿನಿಂದ ಸೂರಿನ ಗುಣ ತಿಳಿಯುವುದಿಲ್ಲ, ಒಗ್ಗಿಕೊಂಡದ್ದು ಎಷ್ಟು ಎಂಬುದಷ್ಟೇ ತಿಳಿಯುತ್ತದೆ.

ಬಯಕೆಯ ಅಳತೆಗೂ ಇದೇ ರೋಗ. ನಾರ್ವೆಯ ಯೋನ್ ಎಲ್ಸ್ಟರ್ 1983ರ ಪುಸ್ತಕವೊಂದರಲ್ಲಿ, ಎಟುಕದ ದ್ರಾಕ್ಷಿ ಹುಳಿಯೆಂದ ನರಿಯ ಕಥೆಯನ್ನು ಮುಂದಿಟ್ಟುಕೊಂಡು, ಸಿಗುವುದಕ್ಕೆ ತಕ್ಕಂತೆ ಬಯಕೆಗಳೇ ಕುಗ್ಗುವ ಬಗೆಯನ್ನು ವಿವರಿಸಿದ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಹೆಚ್ಚು ನಿಜ. ಗಂಡನ ದುಡಿಮೆಯ ಹಿಂದೆ ಹೋದವಳನ್ನು ಏನು ಬೇಕಿತ್ತೆಂದು ಮೊದಲು ಯಾರೂ ಕೇಳಿರುವುದಿಲ್ಲ. ಬಯಸಿದ್ದು ಸಿಕ್ಕಿತೇ ಎಂದು ಆಮೇಲೆ ಕೇಳಿದರೆ ಉತ್ತರಕ್ಕೆ ಬುಡವೇ ಇರುವುದಿಲ್ಲ. ಇಂಥ ಕಡೆ, ತಮ್ಮಷ್ಟಕ್ಕೆ ಒಳಿತಾದ ಸಂಗತಿಗಳನ್ನು ಪಟ್ಟಿ ಮಾಡುವ ಮೂರನೆಯ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಬದುಕಿನ ಗುಣವನ್ನು ಸುಖದಿಂದಾಗಲಿ ಸ್ವತ್ತಿನಿಂದಾಗಲಿ ಅಳೆಯದೆ, ಮನುಷ್ಯ ಏನಾಗಬಲ್ಲ, ಏನು ಮಾಡಬಲ್ಲ ಎಂಬುದರಿಂದ ಅಳೆಯಬೇಕೆಂದು ಅಮರ್ತ್ಯ ಸೇನ್ 1979ರ ಉಪನ್ಯಾಸದಿಂದ ಮುಂದಕ್ಕೆ ವಾದಿಸುತ್ತ ಬಂದದ್ದು ಇದೇ ಕಾರಣಕ್ಕೆ. ಆಕೆ ತನ್ನ ಹೆಸರಿನಲ್ಲಿ ಖಾತೆ ತೆರೆಯಬಲ್ಲಳೇ, ಒಬ್ಬಳೇ ದವಾಖಾನೆಗೆ ಹೋಗಿ ತನ್ನ ನೋವನ್ನು ಅಲ್ಲಿನ ಭಾಷೆಯಲ್ಲಿ ಹೇಳಬಲ್ಲಳೇ, ಮತ ಹಾಕಬಲ್ಲಳೇ? ಇವು ಒಗ್ಗಿಕೊಳ್ಳುವುದರಿಂದ ಮಾಸಿಹೋಗದ ಪ್ರಶ್ನೆಗಳು. ಆದರೆ ಪಟ್ಟಿ ಬರೆಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಊರಿನ ಪಟ್ಟಿಯಲ್ಲಿ ಮೊದಲು ಬರುವುದು ನಾಲ್ಕು ಜನರ ನಡುವಿನ ಮರ್ಯಾದೆ. ಯೋಜನಾ ಇಲಾಖೆಯ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ.

ಇವೆಲ್ಲಕ್ಕಿಂತ ಆಳದ ತೊಡಕನ್ನು ಅಮೆರಿಕದ ಎಲ್. ಎ. ಪಾಲ್ 2014ರಲ್ಲಿ ಎತ್ತಿದರು. ಕೆಲವು ಆಯ್ಕೆಗಳು ಆಯ್ದವರನ್ನೇ ಬೇರೆ ಮನುಷ್ಯರನ್ನಾಗಿ ಮಾಡುತ್ತವೆ. ಹೋಗುವ ಮೊದಲು ತೂಗಿದವನಿಗೆ ಹೋದ ಮೇಲಿನ ರುಚಿ ಗೊತ್ತಿಲ್ಲ. ಹೋಗಿ ಬಂದವನ ರುಚಿ ಮೊದಲಿನದಲ್ಲ. ಯಾರ ತೀರ್ಪನ್ನು ನಂಬಬೇಕು? ರೋಮಿನ ಸೆನೆಕ ಲುಸಿಲಿಯಸನಿಗೆ ಬರೆದ ಪತ್ರದಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು ಹೇಳುತ್ತಾನೆ: ಊರು ಬದಲಿಸಿದರೇನು, ನಿನ್ನನ್ನು ನೀನೇ ಹೊತ್ತುಕೊಂಡು ಹೋಗುತ್ತೀಯಲ್ಲ ಎಂಬುದು ಅವನ ವಾದದ ಸಾರ. ಮನಸ್ಸಿನ ಬೇನೆಗೆ ಮದ್ದಾಗಿ ತಿರುಗಾಟಕ್ಕೆ ಹೊರಡುವ ಶ್ರೀಮಂತನಿಗೆ ಸೆನೆಕನ ಮಾತು ಒಪ್ಪುತ್ತದೆ. ಕೆಲಸಕ್ಕೆ ಹೋದವನಿಗೆ ಒಪ್ಪುವುದು ಪಾಲ್ ಅವರ ಮಾತೇ. ಹೊಸ ಭಾಷೆಯಲ್ಲಿ ಜಗಳವಾಡಲು ಕಲಿತವನು, ಜಾತಿ ಕೇಳದ ಮೇಸ್ತ್ರಿಯ ಕೈಕೆಳಗೆ ದುಡಿದವನು ಊರಿಗೆ ಮರಳಿ ಗೌಡರ ಮನೆಯ ಅಂಗಳದಲ್ಲಿ ಮೊದಲಿನಂತೆ ನಿಲ್ಲಲಾರ.

ಜನ ಈ ತೊಡಕನ್ನು ದಾಟಲು ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ: ಊರಲ್ಲೇ ಉಳಿದ ಅಣ್ಣನನ್ನೋ ತಮ್ಮನನ್ನೋ ಎದುರಿಗಿಟ್ಟು ತೂಗುತ್ತಾರೆ. ಒಂದೇ ಮನೆ, ಒಂದೇ ಹೊಲ. ಒಬ್ಬ ಹೋದ, ಒಬ್ಬ ಉಳಿದ. ಹೋಗದಿದ್ದರೆ ತಾನು ಏನಾಗುತ್ತಿದ್ದೆ ಎಂಬುದಕ್ಕೆ ಆ ಒಡಹುಟ್ಟಿದವನೇ ಸಾಕ್ಷಿ. ನೋಡಲು ಚೊಕ್ಕವಾದ ಈ ಹೋಲಿಕೆಯಲ್ಲೂ ಬಿರುಕಿದೆ. ಉಳಿದವನ ಮನೆಗೆ ಹೆಂಚು ಬಂದದ್ದು, ಬೋರ್‌ವೆಲ್ ಬಂದದ್ದು ಬಹಳಷ್ಟು ಸಲ ಹೋದವನು ಕಳಿಸಿದ ಹಣದಿಂದ. ಹೋದವನ ಪಾಲಿನ ಹೊಲ ಪಾಳುಬೀಳದೆ ನಿಂತದ್ದು, ತಾಯಿತಂದೆಯರ ಮುಪ್ಪಿಗೆ ಒಂದು ಕೈ ಸಿಕ್ಕಿದ್ದು ಉಳಿದವನಿಂದ. ಎರಡು ಬದುಕೂ ಒಂದನ್ನೊಂದು ಹಿಡಿದು ನಿಂತಿರುವಾಗ ಯಾವುದು ಮೇಲೆಂದು ಕೇಳುವುದರಲ್ಲಿ ಅರ್ಥ ಕಡಿಮೆ. ಬಡ ಕುಟುಂಬ ಗಡಿ ದಾಟುವುದು ಹೆಚ್ಚಾಗಿ ಹೀಗೆಯೇ, ಅರ್ಧಂಬರ್ಧ. ಅದರ ಒಳಿತು ಕೆಡುಕು ಒಬ್ಬನ ಎದೆಯೊಳಗೆ ಇರುವುದಿಲ್ಲ, ಮನೆತನದ ಮೇಲೆ ಹರಡಿರುತ್ತದೆ. ಒಬ್ಬೊಬ್ಬರ ಬದುಕನ್ನು ಬಿಡಿಯಾಗಿ ಅಳೆಯುವ ಮೂರೂ ಸಿದ್ಧಾಂತಗಳಿಗೆ ಇದು ಕಾಣುವುದಿಲ್ಲ.

ಧರ್ಮಗಳು ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯುತ್ತವೆ. ನಂದಗಡದ ಹತ್ತಿರದ ಹಲಸಿ, ಹಿಂದಿನ ಪಲಾಶಿಕೆ, ಕದಂಬರ ಎರಡನೆಯ ರಾಜಧಾನಿ. ಐದು, ಆರನೆಯ ಶತಮಾನಗಳ ಕದಂಬ ದೊರೆಗಳು ಅಲ್ಲಿನ ಜೈನರಿಗೆ ಕೊಟ್ಟ ದಾನಗಳ ತಾಮ್ರಪಟಗಳು ಸಿಕ್ಕಿವೆ. ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟೋಪಚಾರಕ್ಕೆ ಏರ್ಪಾಟು ಮಾಡಿದ್ದೂ ಅವುಗಳಿಂದ ತಿಳಿಯುತ್ತದೆ. ಜೈನ ಯತಿಗೆ ನಡೆಯುವುದೇ ನಿಯಮ, ನಿಲ್ಲುವುದು ಚಾತುರ್ಮಾಸದ ವಿನಾಯಿತಿ. ಯಾವ ರಾಜ್ಯದಲ್ಲಿ ಬದುಕು ಮೇಲು ಎಂಬ ಪ್ರಶ್ನೆ ಅವರಿಗೆ ಏಳುವಂತೆಯೇ ಇಲ್ಲ, ಏಕೆಂದರೆ ಯಾವ ಸ್ಥಳವೂ ತಮ್ಮದಾಗದಂತೆ ನೋಡಿಕೊಳ್ಳುವುದೇ ಅವರ ಸಾಧನೆ.

ಹನ್ನೆರಡನೆಯ ಶತಮಾನದ ಶರಣರದು ಇನ್ನೊಂದು ಬಗೆ. ಬಸವಣ್ಣ ಬಾಗೇವಾಡಿಯಿಂದ ಕೂಡಲಸಂಗಮ, ಮಂಗಳವಾಡ, ಕಲ್ಯಾಣಗಳಿಗೆ ನಡೆದ. ಕಲ್ಯಾಣಕ್ಕೆ ಬಂದವರು ಹತ್ತೂ ಕಡೆಯವರು. ಶರಣ ಪರಂಪರೆಯ ಪ್ರಕಾರ ಮೋಳಿಗೆಯ ಮಾರಯ್ಯ ಕಾಶ್ಮೀರದ ದೊರೆ; ರಾಜ್ಯ ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿ ಬಾಳಿದ. ಚರ್ಮ ಹದಮಾಡುವ ಕಾಯಕದ ಡೋಹರ ಕಕ್ಕಯ್ಯ ಬಂದದ್ದು ಮಾಳವದಿಂದ. ಆದಾಯದ ಲೆಕ್ಕದಲ್ಲಿ ಮಾರಯ್ಯನದು ಪತನ. ಕಕ್ಕಯ್ಯನಿಗೆ ಬಹುಶಃ ಎರಡೂ ಕಡೆ ಒಂದೇ ಕೆಲಸ. ಇಬ್ಬರೂ ಪಡೆದದ್ದು ಪಂಕ್ತಿಯಲ್ಲಿ ಒಂದು ಜಾಗ, ಅನುಭವ ಹೇಳಿದರೆ ಕೇಳುವ ಮಂದಿ. ಕಾಯಕದ ತತ್ತ್ವ ದುಡಿಮೆಯ ಬೆಲೆಯನ್ನು ಕೂಲಿಯಿಂದ ಬಿಡಿಸಿ, ದುಡಿಯುವವನು ನಿಲ್ಲುವ ಸ್ಥಾನಕ್ಕೆ ಜೋಡಿಸಿತು. ಕಲ್ಯಾಣ ಒಡೆದ ಮೇಲೆ ಚನ್ನಬಸವಣ್ಣನ ಜೊತೆ ಉಳವಿಯ ಕಾಡಿನತ್ತ ಹೊರಟ ಶರಣರ ದಾರಿ ಇದೇ ಸೀಮೆಯ ಮೇಲೆ ಹಾಯುತ್ತದೆ. ಕಕ್ಕಯ್ಯ ಕೊನೆಯುಸಿರೆಳೆದದ್ದು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲೆಂದು ನಂಬಿಕೆ. ಮಾಳವದಲ್ಲೇ ಇದ್ದಿದ್ದರೆ ಬಹುಕಾಲ ಬದುಕುತ್ತಿದ್ದನೇನೋ. ಆ ಲೆಕ್ಕದಲ್ಲಿ ಅವನ ವಲಸೆ ನಷ್ಟದ್ದು. ಅವನ ಹೆಸರನ್ನು ಎಂಟುನೂರು ವರ್ಷ ಉಳಿಸಿಕೊಂಡು ಬಂದ ಜನ ಆ ಲೆಕ್ಕವನ್ನು ಒಪ್ಪಿಲ್ಲ.

ಇಲ್ಲೊಂದು ಎಚ್ಚರ ಬೇಕು. ಯತಿಯೂ ಶರಣನೂ ತಾವಾಗಿ ಹೊರಟವರು. ಮಳೆ ಕೈಕೊಟ್ಟು, ಸಾಲ ಏರಿ, ಗುಳೆ ಹೋದವನಿಗೆ ಸ್ಥಳಕ್ಕೆ ಅಂಟಿಕೊಳ್ಳಬೇಡ, ಕಾಯಕವೇ ಕೈಲಾಸ ಎಂದು ಉಪದೇಶ ಮಾಡುವುದು ಅಗ್ಗದ ಮಾತು. ಕೂಲಿ ತಪ್ಪಿಸಿದ ಗುತ್ತಿಗೆದಾರನಿಗೆ ಅದರಿಂದ ಅನುಕೂಲ. ಶರಣರ ನಿದರ್ಶನದಿಂದ ತೆಗೆದುಕೊಳ್ಳಬೇಕಾದದ್ದು ತ್ಯಾಗದ ಹೊಗಳಿಕೆಯನ್ನಲ್ಲ, ಅಳತೆಯನ್ನು: ಹೋದ ಕಡೆ ಮನುಷ್ಯನಿಗೆ ಸರಿಸಮನಾಗಿ ಕೂರುವ ಜಾಗ ಇದೆಯೇ ಇಲ್ಲವೇ.

ಈ ಅಳತೆಗೆ ಬಹಳ ಸ್ಪಷ್ಟವಾಗಿ ಸಿಗುವವರು ಸಿದ್ದಿಗಳು. ಆಫ್ರಿಕದಿಂದ ಗುಲಾಮರಾಗಿ ಪೋರ್ಚುಗೀಸರ ಗೋವಾಕ್ಕೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಾಟು ಹತ್ತಿ ಯಲ್ಲಾಪುರ, ಹಳಿಯಾಳ, ಖಾನಾಪುರದ ಕಾಡುಗಳಲ್ಲಿ ನೆಲೆಸಿದರು. ಇಂದು ಜನ ಯಾವ ದಾರಿಯಲ್ಲಿ ಕೂಲಿಗಾಗಿ ಇಳಿಯುತ್ತಾರೋ ಅದೇ ಘಾಟನ್ನು ಅವರು ಬಿಡುಗಡೆಗಾಗಿ ಹತ್ತಿದರು. ಕಾಡಿನಲ್ಲಿ ಹಸಿವಿತ್ತು, ಜ್ವರವಿತ್ತು, ಒಡೆಯರ ಮನೆಯ ತಾರಸಿ ಇರಲಿಲ್ಲ. ಆದರೂ ಅವರು ಕಳೆದುಕೊಂಡರೋ ಗಳಿಸಿದರೋ ಎಂದು ಯಾರೂ ಕೇಳುವುದಿಲ್ಲ. ಸ್ವಾತಂತ್ರ್ಯ ಇಲ್ಲದ ಬದುಕಿನ ಎದುರು ಉಳಿದ ಒಳಿತುಗಳ ತೂಕ ಲೆಕ್ಕಕ್ಕೆ ಬರುವುದಿಲ್ಲ. ತೂಗುವ ಮಾತು ಏಳುವುದು ಆ ಹೊಸ್ತಿಲು ದಾಟಿದ ಮೇಲೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ದೇವರನ್ನು ಜೊತೆಗೆ ತರಲಾಗದೆ ಬಂದವರಿಗೆ ಹೊಸ ನೆಲದ ದೇವರು ದಕ್ಕಿದ್ದು ಹೀಗೆ.

ದೇವರನ್ನೇ ಹೊತ್ತು ಗಡಿ ದಾಟಿದವರೂ ಇದ್ದಾರೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಸಾಷ್ಟಿ, ಬಾರ್ದೇಶಗಳ ಗುಡಿಗಳನ್ನು ಕೆಡವತೊಡಗಿದಾಗ, ಭಕ್ತರು ಮಂಗೇಶನನ್ನೂ ಶಾಂತಾದುರ್ಗೆಯನ್ನೂ ಅವರ ಆಳ್ವಿಕೆಗೆ ಹೊರತಾಗಿದ್ದ ಫೋಂಡಾ ಕಡೆಗೆ ಸಾಗಿಸಿದರು. ಇನ್ನೂ ಕೆಲವರು ಕಾರವಾರ, ಅಂಕೋಲಾ, ಮಂಗಳೂರುಗಳಿಗೆ ಬಂದರು. ಹಾಗೆ ಹೊರಟವರಿಗೆ ಬದುಕಿನ ಗುಣವೆಂದರೆ ಪೂಜೆ ತಪ್ಪದಿರುವುದು. ಬಿಟ್ಟುಬಂದ ತೆಂಗಿನ ತೋಟದ ಲೆಕ್ಕ ಆಮೇಲಿನದು. ಬೆಳಗಾವಿ ಸೀಮೆಯ ಗ್ರಾಮದೇವತೆಗಳು ಹೀಗೆ ಊರು ಬಿಡುವವರಲ್ಲ. ಇಲ್ಲಿನ ಹಲವು ಊರುಗಳಲ್ಲಿ ಲಕ್ಷ್ಮಿಯ ಜಾತ್ರೆ ವರ್ಷವರ್ಷ ನಡೆಯುವುದಿಲ್ಲ. ಐದು, ಹನ್ನೆರಡು ಅಥವಾ ಇನ್ನೂ ಹೆಚ್ಚು ವರ್ಷಗಳಿಗೊಮ್ಮೆ ನಡೆಯುತ್ತದೆ. ಆಗ ಪುಣೆ, ಮುಂಬಯಿ, ಗೋವಾ ಎಲ್ಲೇ ಇರಲಿ, ಬರಲೇಬೇಕು. ಮನೆಗೆ ಸುಣ್ಣ ಬಣ್ಣ ಆಗಬೇಕು, ಬೀಗರಿಗೆ ಊಟ ಹಾಕಬೇಕು, ಜಾತ್ರೆಯ ವಂತಿಗೆ ಕೊಡಬೇಕು. ಪರ ರಾಜ್ಯದಲ್ಲಿ ಗಳಿಸಿದ್ದು ಏನೆಂದು ಊರು ತೂಗಿ ನೋಡುವ ದಿನಗಳೂ ಇವೇ. ಈ ತೂಕದಲ್ಲಿ ನೀನು ಸುಖವಾಗಿದ್ದೀಯಾ ಎಂಬ ಪ್ರಶ್ನೆಗೆ ಜಾಗವಿಲ್ಲ. ಬಂದೆಯಾ, ಕೊಡಬೇಕಾದ್ದು ಕೊಟ್ಟೆಯಾ ಎಂಬುದಷ್ಟೇ ಪ್ರಶ್ನೆ. ಭಾರತೀಯ ಚಿಂತನೆಯಲ್ಲಿ ದೇವಋಣ, ಪಿತೃಋಣಗಳೆಂಬ ಕಲ್ಪನೆ ಮಾಡಿದ ಕೆಲಸವೇ ಇದು: ಹುಟ್ಟುವಾಗಲೇ ಸಾಲವಿದೆ ಎಂದುಕೊಂಡವನಿಗೆ ಒಳ್ಳೆಯ ಬದುಕೆಂದರೆ ಸಾಲ ತೀರಿಸಲು ಸಾಧ್ಯವಾದ ಬದುಕು. ಜಾತ್ರೆಗಾಗಿ ಹೊಸ ಸಾಲ ಮಾಡಿ ಹಳೆಯ ಋಣ ತೀರಿಸುವವರೂ ಕಡಿಮೆಯಿಲ್ಲ ಎಂಬುದು ಈ ಅಳತೆಯ ಕಹಿ ಭಾಗ.

ಸಾವು ಬಂದಾಗ ಈ ಪ್ರಶ್ನೆ ಮತ್ತೆ ನೆಲಕ್ಕೆ ಇಳಿಯುತ್ತದೆ. ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಹೂಳುವವರು. ಹೂಳಲು ಜಾಗ ಬೇಕು. ಬಾಡಿಗೆ ಮನೆಯಲ್ಲಿ ಮೂವತ್ತು ವರ್ಷ ಕಳೆದರೂ ಮಣ್ಣಾಗಲು ಮೂರು ಮೊಳ ಸಿಗುತ್ತದೆಂಬ ಖಾತ್ರಿಯಿಲ್ಲದ ಕಡೆ ಊರಿಗೆ ಒಯ್ಯುವ ಮಾತು ಬರುತ್ತದೆ. ರಾಯಣ್ಣ ಹುಟ್ಟಿದ್ದು ಸಂಗೊಳ್ಳಿಯಲ್ಲಿ. ಆದರೂ ಅವನು ನಂದಗಡದವನೂ ಹೌದೆಂದು ಜನ ಎಣಿಸುವುದು ಸಮಾಧಿಯಿಂದಾಗಿ. ಬದುಕಿದ್ದಾಗ ಒಂದು ರಾಜ್ಯದ ಪಟ್ಟಿಯಲ್ಲಿ ಸೇರಿ, ಸತ್ತ ಮೇಲೆ ಇನ್ನೊಂದರ ಮಣ್ಣಿಗೆ ಸೇರುವವರ ಬದುಕು ಎಲ್ಲಿನದೆಂದು ಹೇಳುವುದು? ಜನಗಣತಿಗೆ ಒಂದೇ ಉತ್ತರ ಬೇಕು, ಮನೆತನಕ್ಕೆ ಎರಡು ಉತ್ತರ ಇದ್ದರೂ ನಡೆಯುತ್ತದೆ. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣದಿಂದ ಮಹಾರಾಷ್ಟ್ರ ಮೊದಲಾದ ರಾಜ್ಯಗಳಿಂದ ಬರುವವರಿಗೆ ಕರ್ನಾಟಕ ಕೆಲಕಾಲ ಗಡಿ ಮುಚ್ಚಿದಾಗ, ಈ ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡವರು ಬಹಳ.

ಮಕ್ಕಳ ವಿಷಯ ಇವೆಲ್ಲದಕ್ಕಿಂತ ಬೇರೆ. ಹೋಗುವ ತೀರ್ಮಾನ ಅವರದಲ್ಲ. ಬಿಟ್ಟುಬಂದ ಬದುಕಿನ ನೆನಪೂ ಅವರಿಗಿಲ್ಲ. ತಂದೆಗೆ ಎರಡು ಬದುಕುಗಳ ನಡುವಿನ ಹೋಲಿಕೆಯಾಗಿರುವುದು ಮಗಳಿಗೆ ಒಂದೇ ಬದುಕು, ಹೋಲಿಸಲು ಇನ್ನೊಂದಿಲ್ಲ. ತಾವು ಪಟ್ಟ ಕಷ್ಟವನ್ನೆಲ್ಲ ‘ಮಕ್ಕಳಿಗಾಗಿ’ ಎಂಬ ಖಾತೆಗೆ ಬರೆಯುವ ಹಿರಿಯರು ಆ ಖಾತೆಯ ಲೆಕ್ಕವನ್ನು ಮಕ್ಕಳೇ ಒಪ್ಪಬೇಕೆಂಬುದನ್ನು ಮರೆಯುತ್ತಾರೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ; ಖಾನಾಪುರದಲ್ಲಿ ಸರ್ಕಾರಿ ಮರಾಠಿ ಶಾಲೆಗಳೂ ವಾಸ್ಕೋ ಸುತ್ತ ಕನ್ನಡ ಶಾಲೆಗಳೂ ಇವೆ. ಅಲ್ಲಿ ಕಲಿತ ಮಕ್ಕಳು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಅರ್ಜಿಯಲ್ಲಿ ಒಂದು ಭಾಷೆ ಹಿಡಿದು ಬೆಳೆಯುತ್ತಾರೆ. ಇದು ಕೊರತೆಯೆಂದು ಹಿರಿಯರು ಕೊರಗುವಷ್ಟು ಕೊರತೆಯಲ್ಲ. ನಂದಗಡದಲ್ಲಿ ಎಲ್ಲಿಗೂ ಹೋಗದೆಯೇ ಮಕ್ಕಳು ಹೀಗೆ ಬೆಳೆದಿದ್ದಾರೆ. ಕೊರತೆ ಕಾಣುವುದು ಕಚೇರಿಯ ಕಿಟಕಿಯಲ್ಲಿ. ಗೋವಾ ಸರ್ಕಾರದ ನೌಕರಿಗೆ ಹದಿನೈದು ವರ್ಷ ಅಲ್ಲಿ ವಾಸವಿದ್ದ ಪ್ರಮಾಣಪತ್ರ ಬೇಕು. ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಇಲ್ಲಿ ಓದಿರಬೇಕು, ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮವಿದ್ದರೂ ಅದಕ್ಕೂ ದಾಖಲೆ ಬೇಕು. ಎಂಟನೆಯ ವಯಸ್ಸಿನಲ್ಲಿ ಘಾಟಿಳಿದು ಹೋಗಿ ಹದಿನೆಂಟರಲ್ಲಿ ಅರ್ಜಿ ಹಿಡಿದು ನಿಂತವನಿಗೆ ಅಲ್ಲಿನ ಹದಿನೈದೂ ತುಂಬಿರುವುದಿಲ್ಲ, ಇಲ್ಲಿನ ಏಳೂ ತುಂಬಿರುವುದಿಲ್ಲ.